ಕಡಲು ಎಲ್ಲರದ್ದು, ಕಡಲಿಗೆ ಹೋಗುವ ದಾರಿ ಯಾರದ್ದು?

ಕುಂಜತ್ತೂರು, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಿರಿಯರಲ್ಲಿ ಕಡಲಿಗೆ ಹೋಗುವ ದಾರಿ ಯಾವುದೆಂದು ಕೇಳಿದರೆ ಅವರು ರಸ್ತೆಯ ಹೆಸರು ಹೇಳುವುದಿಲ್ಲ. ಯಾರದೋ ತೆಂಗಿನ ತೋಟದ ಬದಿ, ಯಾರದೋ ಮನೆಯ ಹಿಂದಿನ ಓಣಿ, ಅಲ್ಲಿಂದ ಹೊಯ್ಗೆ ದಿಬ್ಬ ಹತ್ತಿದರೆ ಕಡಲು, ಇಷ್ಟೇ ಅವರ ಉತ್ತರ. ಆ ದಾರಿಗೆ ಬೋರ್ಡಿಲ್ಲ, ಡಾಂಬರಿಲ್ಲ, ಹೆಚ್ಚಿನ ಕಡೆ ದಾಖಲೆಯೂ ಇಲ್ಲ. ಆದರೆ ಕೈರಂಪಣಿ ಎಳೆಯುವವರು ಹೋದದ್ದು ಆ ದಾರಿಯಲ್ಲೇ, ಮೀನಿನ ಬುಟ್ಟಿ ಹೊತ್ತವರು ಬಂದದ್ದು ಆ ದಾರಿಯಲ್ಲೇ, ಪೆರ್ನಾಲಿನ ಸಂಜೆ ಮಕ್ಕಳು ಓಡಿದ್ದೂ ಅದರಲ್ಲೇ.

ಈಗ ಒಂದೊಂದೇ ಕಡೆ ಆ ಓಣಿಗಳ ಬಾಯಿಗೆ ಗೇಟು ಬರುತ್ತಿದೆ. ಜಾಗ ಮಾರಾಟವಾಗುತ್ತದೆ, ಹೊಸ ಮಾಲಕರು ಪಾಗಾರ ಕಟ್ಟುತ್ತಾರೆ, ಮೊದಲು ಒಂದು ಸಣ್ಣ ಗೇಟು, ಆಮೇಲೆ ಗೇಟಿಗೆ ಬೀಗ. ಕೇಳಿದರೆ ಬರುವ ಉತ್ತರ ಒಂದೇ: "ಕಡಲು ನಿಮ್ಮದೇ, ಬೇಡ ಅಂದವರು ಯಾರು? ಆದರೆ ಈ ಜಾಗ ನಮ್ಮದಲ್ವಾ?"

ಮಾತು ಕೇಳಲು ಸರಿ ಎನಿಸುತ್ತದೆ. ಕಾನೂನಿನಲ್ಲಿ ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ನೋಡಬೇಕಾದ ಸಮಯ ಬಂದಿದೆ. ಯಾಕೆಂದರೆ ಈ ಜಗಳದ ಎರಡೂ ಬದಿಯಲ್ಲಿ ಇರುವುದು ಕರಾವಳಿಯ ಅದೇ ಜನ. ಗಲ್ಫಿನಲ್ಲಿ ದುಡಿದ ಹಣವನ್ನು ಕಡಲ ಬದಿಯ ಜಾಗಕ್ಕೆ ಹಾಕಿದವರಲ್ಲಿ ಬ್ಯಾರಿಗಳೂ ಇದ್ದಾರೆ. ಬೆಳಗ್ಗೆ ಆ ಜಾಗದ ಬದಿಯಿಂದಲೇ ಕಡಲಿಗೆ ಇಳಿಯಬೇಕಾದ ಮೀನುಗಾರರಲ್ಲೂ, ಮೀನು ವ್ಯಾಪಾರಿಗಳಲ್ಲೂ ಬ್ಯಾರಿಗಳಿದ್ದಾರೆ.

ಗೆರೆ ಎಲ್ಲಿದೆ?

ಮೊದಲು ಒಂದು ಗೊಂದಲ ತಿಳಿಯಾಗಬೇಕು. ನಮ್ಮ ದೇಶದಲ್ಲಿ 'ಖಾಸಗಿ ಬೀಚ್' ಎಂಬ ಮಾತು ಹೋಟೆಲುಗಳ ಜಾಹೀರಾತಿನಲ್ಲಿ ಮಾತ್ರ ಇರುವಂಥದ್ದು. ಕೇರಳದ 1957ರ ಭೂ ಸಂರಕ್ಷಣಾ ಕಾಯ್ದೆಯ ಪ್ರಕಾರ ಭರತದ ಗೆರೆಯಿಂದ ಕೆಳಗಿನ ಸಮುದ್ರ ತಳ ಸರಕಾರದ ಸೊತ್ತು. ತಲಪಾಡಿ ಗಡಿ ದಾಟಿ ಉಳ್ಳಾಲಕ್ಕೆ ಹೋದರೂ ಇದೇ ಮಾತು, ಕರ್ನಾಟಕದ 1964ರ ಭೂ ಕಂದಾಯ ಕಾಯ್ದೆಯೂ ಹಾಗೆಯೇ ಹೇಳುತ್ತದೆ. ಅಂದರೆ ತೆರೆ ಬಂದು ಒದ್ದೆ ಮಾಡುವ ಹೊಯ್ಗೆಗೆ ಯಾರೂ ಆಧಾರ ಮಾಡಿಸಿಕೊಳ್ಳಲು ಆಗುವುದಿಲ್ಲ.

ಅದರ ಮೇಲ್ಭಾಗದ ಒಣ ಜಾಗ ಪಟ್ಟಾ ಇರಬಹುದು, ಪೊರಂಬೋಕು ಇರಬಹುದು. ಪಟ್ಟಾ ಇದ್ದರೂ ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದನ್ನು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿಆರ್‌ಝಡ್, ತೀರ್ಮಾನಿಸುತ್ತದೆ. 1991ರಲ್ಲಿ ಮೊದಲು ಬಂದ ಈ ಅಧಿಸೂಚನೆಯನ್ನು 2011ರಲ್ಲಿ ಬದಲಿಸಲಾಯಿತು, 2019ರ ಜನವರಿಯಲ್ಲಿ ಮತ್ತೆ ಸಡಿಲಿಸಲಾಯಿತು. ಹಳ್ಳಿ ಪ್ರದೇಶಗಳಲ್ಲಿ ಭರತ ರೇಖೆಯಿಂದ 200 ಮೀಟರ್ ತನಕ ಇದ್ದ ನಿರ್ಮಾಣ ನಿಷೇಧವು ಈಗ, 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ, 50 ಮೀಟರಿಗೆ ಇಳಿದಿದೆ. ಉಳಿದ ಹಳ್ಳಿಗಳಲ್ಲಿ 200 ಮೀಟರ್ ಹಾಗೆಯೇ ಇದೆ. 50 ಮೀಟರಿನ ಲಾಭ ಸಿಗಬೇಕಾದರೆ ಆ ರಾಜ್ಯದ ಕರಾವಳಿ ನಕ್ಷೆಗೆ ಹೊಸ ನಿಯಮದ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು.

ಈ ಸಡಿಲಿಕೆಯ ಅರ್ಥ ಏನು? ಕಡಲಿನಿಂದ 200 ಮೀಟರ್ ಒಳಗೆ ಮನೆ ರಿಪೇರಿಗೂ ಪರದಾಡುತ್ತಿದ್ದ ಬಡ ಕುಟುಂಬಗಳಿಗೆ ಇದು ನಿಜವಾದ ಸಮಾಧಾನ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ 150 ಮೀಟರ್ ಪಟ್ಟಿ ವಿಲ್ಲಾ, ರೆಸಾರ್ಟ್ ಕಟ್ಟುವವರಿಗೂ ತೆರೆದುಕೊಂಡಿತು. ಕಟ್ಟಡ ಕಡಲಿಗೆ ಹತ್ತಿರವಾದಷ್ಟೂ ಪಾಗಾರವೂ ಹತ್ತಿರವಾಗುತ್ತದೆ. ದಾರಿಯ ಪ್ರಶ್ನೆ ಇಷ್ಟು ತುರ್ತಾದದ್ದು ಇದರಿಂದ.

ದಾರಿಯ ಬಗ್ಗೆ ಸಿಆರ್‌ಝಡ್ ಏನೂ ಹೇಳಿಲ್ಲ ಎಂದಲ್ಲ. ಎರಡು ಬೀಚ್ ರೆಸಾರ್ಟುಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು ಎಂದು ನಿಯಮ ಇದೆ. ಖಾಸಗಿ ಜಾಗಕ್ಕೆ ಹಾಕುವ ಬೇಲಿ ಸಾರ್ವಜನಿಕರು ಬೀಚಿಗೆ ಹೋಗುವುದಕ್ಕೆ ಯಾವ ರೀತಿಯಲ್ಲೂ ಅಡ್ಡಿಯಾಗಬಾರದು ಎಂಬ ಷರತ್ತೂ ಇದೆ. ಆದರೆ ಇವು ಇರುವುದು ಹೋಟೆಲ್, ರೆಸಾರ್ಟುಗಳಿಗೆ ಅನುಮತಿ ಕೊಡುವಾಗ ಪಾಲಿಸಬೇಕಾದ ಪಟ್ಟಿಯಲ್ಲಿ. ಹತ್ತು ಸೆಂಟ್ಸ್ ಜಾಗ ತೆಗೆದುಕೊಂಡು ಪಾಗಾರ ಹಾಕಿ ಬೀಗ ಜಡಿದವರ ಹತ್ತಿರ ಈ ಪಟ್ಟಿ ತೋರಿಸಿದರೆ, "ನಮ್ಮದು ರೆಸಾರ್ಟಾ?" ಎನ್ನುತ್ತಾರೆ. ಆಗ ಬೇರೆ ಕಾನೂನಿಗೆ ಹೋಗಬೇಕಾಗುತ್ತದೆ.

ಗೋವಾ ಕಲಿಸಿದ ಪಾಠ

ಈ ವಿಷಯದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ದೊಡ್ಡ ತೀರ್ಪು ಗೋವಾದ್ದು. ಪಣಜಿ ಹತ್ತಿರದ ದೋನಾ ಪೌಲಾದಲ್ಲಿ ವೈಂಗಿಣಿ ಎಂಬ ಸಣ್ಣ ಬೀಚ್ ಉಂಟು. ಅಲ್ಲಿನ ಪಂಚತಾರಾ ಹೋಟೆಲಿಗಾಗಿ ಸರಕಾರವೇ ಭೂಸ್ವಾಧೀನ ಮಾಡಿ ಜಾಗ ಕೊಟ್ಟಿತ್ತು. ಕಂಪೆನಿ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಬೀಚಿಗೆ ಹೋಗುವ ಜನರ ದಾರಿ ಉಳಿಸಬೇಕು ಎಂಬ ಷರತ್ತು ಇತ್ತು. ಮುಂದೆ ಹೋಟೆಲಿನ ವಿಸ್ತರಣೆ ಅದೇ ಜಾಗಕ್ಕೆ ಬಂತು. ಊರವರು ಹೈಕೋರ್ಟಿಗೆ ಹೋದರು, ಗೆದ್ದರು. ಕಂಪೆನಿ ಸುಪ್ರೀಂ ಕೋರ್ಟಿಗೆ ಹೋಯಿತು.

2009ರ ಜನವರಿಯಲ್ಲಿ ಬಂದ ಫೊಮೆಂಟೊ ರೆಸಾರ್ಟ್ಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಊರವರ ಪರ ನಿಂತಿತು. ಕಡಲು, ಹೊಳೆ, ಕಾಡುಗಳಿಗೆ ಸರಕಾರ ಮಾಲಕ ಅಲ್ಲ, ಜನರ ಪರವಾಗಿ ನೋಡಿಕೊಳ್ಳುವ ಟ್ರಸ್ಟಿ ಮಾತ್ರ ಎಂಬ ತತ್ತ್ವವನ್ನು ಕೋರ್ಟು ಇಲ್ಲಿ ಬೀಚಿನ ದಾರಿಗೂ ಅನ್ವಯಿಸಿತು. ಈ ತತ್ತ್ವವನ್ನು 1996ರ ಕಮಲ್‌ನಾಥ್ ಪ್ರಕರಣದಲ್ಲಿ, ಬಿಯಾಸ್ ನದಿ ದಡದ ಹೋಟೆಲಿನ ವಿಷಯದಲ್ಲಿ, ಅದೇ ಕೋರ್ಟು ಎತ್ತಿ ಹಿಡಿದಿತ್ತು. ಗೋವಾದಲ್ಲಿ ಒತ್ತುವರಿ ಭಾಗದ ಕಟ್ಟಡ ಕೆಡವಬೇಕು, ದಾರಿ ಬಿಡಬೇಕು ಎಂದು ಆದೇಶವಾಯಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಗೋವಾ ಸರಕಾರ ಭೂಸ್ವಾಧೀನ ಕಾಯ್ದೆಗೆ ತಿದ್ದುಪಡಿ ತಂದಿತು. ತಿದ್ದುಪಡಿಯನ್ನು ದಶಕಗಳ ಹಿಂದಿನ ದಿನಾಂಕದಿಂದ ಜಾರಿಯಾದಂತೆ ಮಾಡಿತು. ತೀರ್ಪು ನಿಂತಿದ್ದ ಕಾನೂನಿನ ನೆಲವನ್ನೇ ಸರಿಸಿದ ಹಾಗಾಯಿತು. ಇದನ್ನು ಪ್ರಶ್ನಿಸಿ ಪರಿಸರ ಸಂಘಟನೆಯೊಂದು ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2016ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಕೊನೆಗೆ ತತ್ತ್ವವೂ ಉಳಿಯಿತು, ಕಟ್ಟಡವೂ ಉಳಿಯಿತು.

ಇದರಲ್ಲಿ ಎರಡು ಪಾಠ ಉಂಟು. ಒಂದು, ಊರವರು ಕೋರ್ಟಿನಲ್ಲಿ ಗೆಲ್ಲಲು ಆದದ್ದು ದಾರಿಯ ಮಾತು ಕಾಗದದಲ್ಲಿ ಇದ್ದುದರಿಂದ. ಹಳೆಯ ನಕ್ಷೆ, ಸರ್ವೆ ನಂಬ್ರ, ಒಪ್ಪಂದದ ಷರತ್ತು, ಇವು ಇಲ್ಲದಿದ್ದರೆ ಬಾಯಿ ಮಾತಿನ ಸಾಕ್ಷಿ ಅಷ್ಟು ದೂರ ಹೋಗುತ್ತಿತ್ತೋ ಇಲ್ಲವೋ. ಎರಡು, ಟ್ರಸ್ಟಿ ಎನಿಸಿಕೊಂಡ ಸರಕಾರ ಬಂಡವಾಳದ ಬದಿಗೆ ವಾಲಿದರೆ ತೀರ್ಪು ಗೆದ್ದೂ ಸೋಲಬೇಕಾಗುತ್ತದೆ. ಹಾಗಾಗಿ ಕೋರ್ಟಿನಲ್ಲಿ ವಕೀಲರನ್ನು ಇಟ್ಟರಷ್ಟೇ ಸಾಲದು, ಪಂಚಾಯತ್ ಸದಸ್ಯರ ಮತ್ತು ಶಾಸಕರ ಮೇಲೆಯೂ ಕಣ್ಣಿಡಬೇಕು.

ಕ್ಯಾಲಿಫೋರ್ನಿಯಾದಲ್ಲೂ ಇದೇ ಗೇಟು

ಇದು ಬಡ ದೇಶಗಳ ಸಮಸ್ಯೆ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಫ್ ಮೂನ್ ಬೇ ಪಟ್ಟಣದ ಹತ್ತಿರ ಮಾರ್ಟಿನ್ಸ್ ಬೀಚ್ ಎಂಬ ಕಡಲ ಕಿನಾರೆ ಉಂಟು. ಭಾರತ ಮೂಲದ ಕೋಟ್ಯಧಿಪತಿ, ಸನ್ ಮೈಕ್ರೋಸಿಸ್ಟಮ್ಸ್ ಸಹಸಂಸ್ಥಾಪಕ ವಿನೋದ್ ಖೋಸ್ಲಾ 2008ರಲ್ಲಿ ಅದರ ಮೇಲಿನ ಜಾಗವನ್ನು 3.25 ಕೋಟಿ ಡಾಲರಿಗೆ ತೆಗೆದುಕೊಂಡರು. ಮೊದಲಿನ ಮಾಲಕರು ಪಾರ್ಕಿಂಗ್ ಶುಲ್ಕ ಪಡೆದು ಜನರನ್ನು ಒಳಗೆ ಬಿಡುತ್ತಿದ್ದರು. ಹೊಸ ಮಾಲಕರ ಕಾಲದಲ್ಲಿ ಗೇಟು ಮುಚ್ಚಿತು. ಅಲ್ಲಿಯೂ ಒದ್ದೆ ಹೊಯ್ಗೆ ಜನರದ್ದೇ. ಆದರೆ ಅಲ್ಲಿಗೆ ಹೋಗುವ ರಸ್ತೆ ಒಂದೇ, ಅದು ಖಾಸಗಿ ಜಾಗದ ಮೂಲಕ.

ಸರ್ಫಿಂಗ್ ಮಾಡುವವರ ಸಂಘಟನೆಯೊಂದು ಕೇಸು ಹಾಕಿತು. ಆ ರಾಜ್ಯದ 1976ರ ಕರಾವಳಿ ಕಾಯ್ದೆ ಪ್ರಕಾರ, ಜನ ಬೀಚಿಗೆ ಹೋಗುವುದರಲ್ಲಿ ಬದಲಾವಣೆ ತರುವ ಯಾವ ಕೆಲಸಕ್ಕೂ ಮೊದಲೇ ಪರವಾನಗಿ ಬೇಕು, ಗೇಟು ಮುಚ್ಚುವುದೂ ಅದರಲ್ಲಿ ಸೇರುತ್ತದೆ ಎಂದು ಕೋರ್ಟುಗಳು ಹೇಳಿದವು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಖೋಸ್ಲಾ ಕಡೆಯ ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಆದರೆ ಇನ್ನೊಂದು ಕೇಸಿನಲ್ಲಿ ಫಲಿತಾಂಶ ಬೇರೆ. 2019ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಹಿಂದಿನ ಮಾಲಕರು ಹಣ ಪಡೆದು ಬಿಡುತ್ತಿದ್ದದ್ದು ಅನುಮತಿ ಮಾತ್ರ, ಅದರಿಂದ ಜನರಿಗೆ ಶಾಶ್ವತ ಹಕ್ಕು ಹುಟ್ಟುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕಡಲ ದಾರಿಯ ಜಗಳಗಳ ಗಂಟು ಇರುವುದು ಇಲ್ಲಿಯೇ. ಜನ ನಡೆಯುತ್ತಿದ್ದದ್ದು ಹಕ್ಕಿನಿಂದಲೋ, ಮಾಲಕರ ದಾಕ್ಷಿಣ್ಯದಿಂದಲೋ?

ಅನುಮತಿ ಬೇರೆ, ಹಕ್ಕು ಬೇರೆ

ಈ ಪ್ರಶ್ನೆಗೆ ಇಲ್ಲಿನ ಉತ್ತರ 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಇದೆ. ಕಾಸರಗೋಡು 1956ರ ತನಕ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದುದರಿಂದ ಈ ಕಾಯ್ದೆ ಇಲ್ಲಿಗೆ ಹೊಸತಲ್ಲ. ಒಬ್ಬರ ಜಾಗದ ಮೂಲಕ ಪಕ್ಕದ ಜಾಗದವರು 20 ವರ್ಷ, ಯಾರ ಅಪ್ಪಣೆಯೂ ಕೇಳದೆ, ಕದ್ದುಮುಚ್ಚಿ ಅಲ್ಲದೆ, ತಡೆಯಿಲ್ಲದೆ, ಹಕ್ಕಿನಂತೆ ನಡೆದು ಬಂದಿದ್ದರೆ ಆ ದಾರಿಯ ಮೇಲೆ ಅವರಿಗೆ ಹಕ್ಕು ಬರುತ್ತದೆ. ಜಾಗ ಸರಕಾರದ್ದಾದರೆ 30 ವರ್ಷ ಬೇಕು. ಇದು ಪಕ್ಕದ ಜಾಗದವರ ಹಕ್ಕು. ಇಡೀ ಊರಿನವರ ದಾರಿಗೆ ಊರ ರೂಢಿಯಿಂದ ಬಂದ ಹಕ್ಕು ಅಥವಾ ಮಾಲಕರೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದು ಎಂಬುದನ್ನು ತೋರಿಸಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದುಂಟು. 20 ವರ್ಷ ನಡೆದದ್ದು ಮಾತ್ರ ಸಾಲದು. ದಾರಿ ಮುಚ್ಚಿದ ಮೇಲೆ ಸುಮ್ಮನೆ ಕೂತರೆ ಆ 20 ವರ್ಷವೂ ನೀರುಪಾಲು. ಆ ಅವಧಿ ದಾವೆ ಹಾಕುವುದಕ್ಕೆ ಹಿಂದಿನ ಎರಡು ವರ್ಷದ ಒಳಗೆ ಮುಗಿದಿರಬೇಕು ಎಂದು ಕಾಯ್ದೆ ಹೇಳುತ್ತದೆ. ಅಡ್ಡಿ ಗೊತ್ತಾದ ಮೇಲೂ ಒಂದು ವರ್ಷ ಒಪ್ಪಿಕೊಂಡು ಇದ್ದರೆ ಅದನ್ನು ತಡೆ ಎಂದೇ ಲೆಕ್ಕ ಹಿಡಿಯಬಹುದು. ಊರಿನಲ್ಲಿ ನಡೆಯುವುದು ಮಾತ್ರ ಇದಕ್ಕೆ ತದ್ವಿರುದ್ಧ. "ಪಾಪ, ನಮ್ಮವರೇ ಅಲ್ವಾ, ಮಾತಾಡಿ ಸರಿ ಮಾಡುವ" ಎನ್ನುತ್ತಾ ಎರಡು ವರ್ಷ ಹೋಗುತ್ತದೆ. ಆಮೇಲೆ ವಕೀಲರ ಹತ್ತಿರ ಹೋದರೆ ಅವರು ತಲೆ ಕೆರೆದುಕೊಳ್ಳುತ್ತಾರೆ.

'ಖಾಸಗಿ ಜಾಗ, ಅನುಮತಿಯಿಂದ ಮಾತ್ರ ಪ್ರವೇಶ' ಎಂಬ ಬೋರ್ಡನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅದು ಕಳ್ಳಕಾಕರಿಗೆ ಹಾಕಿದ್ದು ಎಂದು ಜನ ತಿಳಿಯುತ್ತಾರೆ. ಕೋರ್ಟಿನಲ್ಲಿ ಅದೇ ಬೋರ್ಡು, ಜನ ನಡೆದದ್ದು ಹಕ್ಕಿನಿಂದ ಅಲ್ಲ, ಮಾಲಕರ ಅನುಮತಿಯಿಂದ ಎಂಬ ವಾದಕ್ಕೆ ದಾಖಲೆ ಆಗಬಹುದು.

ಜಾಗದವರ ಕಷ್ಟ ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಗೇಟಿನ ಒಳಗಿರುವವರ ಮಾತನ್ನೂ ಕೇಳಬೇಕು. ರಜೆಯ ದಿನ ಬೈಕಿನಲ್ಲಿ ಬಂದವರು ತೋಟದಲ್ಲಿ ಬಾಟಲಿ ಒಡೆದು ಹೋಗುವುದು ಸುಳ್ಳಲ್ಲ. ಮನೆಯಲ್ಲಿ ಹೆಂಗಸರು, ಮಕ್ಕಳು ಮಾತ್ರ ಇರುವಾಗ ರಾತ್ರಿ ಹನ್ನೊಂದಕ್ಕೆ ಗುರುತು ಪರಿಚಯ ಇಲ್ಲದವರು ಅಂಗಳದ ಬದಿಯಲ್ಲಿ ಓಡಾಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಮೊದಲು ಆ ಓಣಿಯಲ್ಲಿ ನಡೆಯುತ್ತಿದ್ದವರು ಊರವರು, ಈಗ ನಡೆಯುವವರು ರೀಲ್ಸ್ ನೋಡಿ ಬಂದವರು. ದಾರಿ ಅದೇ, ಭಾರ ಬೇರೆ.

ಇನ್ನೊಂದು ಕಷ್ಟ ಕಡಲಿನದ್ದೇ. ಉಪ್ಪಳದ ಮುಸೋಡಿಯಲ್ಲಿ, ಗಡಿಯಾಚೆ ಉಳ್ಳಾಲ, ಸೋಮೇಶ್ವರದಲ್ಲಿ ಕಡಲು ತೆಂಗಿನ ಮರಗಳನ್ನೂ ಮನೆಗಳನ್ನೂ ನುಂಗಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ದಾಖಲೆಯಲ್ಲಿ ಜಾಗ ಹಾಗೆಯೇ ಇರುತ್ತದೆ, ನೆಲದಲ್ಲಿ ಅರ್ಧ ಇಲ್ಲ. ಉಳಿದ ಅರ್ಧಕ್ಕೆ ಪಾಗಾರ ಹಾಕುವವರ ಮನಸ್ಸಿನಲ್ಲಿ ದುರಾಸೆಗಿಂತ ಭಯ ಹೆಚ್ಚು ಇರಬಹುದು. ಭರತದ ಗೆರೆ ಮುಂದೆ ಬಂದಷ್ಟೂ ಊರವರ ನಡೆಯುವ ಹೊಯ್ಗೆಯೂ ಕಡಿಮೆಯಾಗುತ್ತದೆ, ಅವರು ಮತ್ತಷ್ಟು ಖಾಸಗಿ ಜಾಗದ ಕಡೆಗೆ ಸರಿಯುತ್ತಾರೆ. ಮುಂದಿನ ವರ್ಷಗಳಲ್ಲಿ ಜಗಳ ಹೆಚ್ಚುವುದಕ್ಕೆ ಇದೂ ಒಂದು ಕಾರಣ ಆಗಲಿದೆ.

ಕೇರಳ ಸರಕಾರದ ಪುನರ್ಗೇಹಂ ಯೋಜನೆಯನ್ನೂ ಇದರ ಜೊತೆ ಇಟ್ಟು ನೋಡಬೇಕು. ಭರತ ರೇಖೆಯಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳಿಗೆ ಬೇರೆ ಕಡೆ ಜಾಗ, ಮನೆಗೆಂದು 10 ಲಕ್ಷ ರೂಪಾಯಿ ತನಕ ಸಹಾಯ ಸಿಗುತ್ತದೆ. ಅಪಾಯದಿಂದ ದೂರ ಹೋಗುವುದು ಒಳ್ಳೆಯದೇ. ಆದರೆ ಮನೆ ಕಡಲಿನಿಂದ ಒಂದೆರಡು ಕಿಲೋಮೀಟರ್ ದೂರ ಹೋದರೂ ದೋಣಿ ಇರುವುದು ಕಡಲ ಬದಿಯಲ್ಲೇ. ಮೊದಲು ಮನೆ ಬಾಗಿಲಲ್ಲಿ ಇದ್ದ ಕಡಲಿಗೆ ಈಗ ಹೈವೇ, ರೈಲು ಹಳಿ ದಾಟಿ ದಾರಿ ಹುಡುಕಿಕೊಂಡು ಬರಬೇಕು. ಸ್ಥಳಾಂತರ ಆದವರಿಗೆ ದಾರಿ ಮೊದಲಿಗಿಂತ ಹೆಚ್ಚು ಮುಖ್ಯ.

ಲೆಕ್ಕ ಹಾಕಿ ನೋಡಿದರೆ

ಕಡಲ ಬದಿಯ ಒಂದು ಸೆಂಟ್ಸಿಗೆ ಅಷ್ಟು ಬೆಲೆ ಯಾಕೆ? ಕಡಲು ಇರುವುದರಿಂದ. ಆ ಕಡಲಿಗೆ ಜಾಗದವರು ಹಣ ಕೊಟ್ಟಿಲ್ಲ. ರಸ್ತೆ, ತಡೆಗೋಡೆ, ವಿದ್ಯುತ್ ಎಲ್ಲವೂ ಸಾರ್ವಜನಿಕ ಹಣದ್ದು. ಅಂದರೆ ಜಾಗದ ಬೆಲೆಯಲ್ಲಿ ಒಂದು ಪಾಲು ಊರು ಹಾಕಿದ ಬಂಡವಾಳ. ಅದರ ಬದಲಿಗೆ ಊರು ಕೇಳುವುದು ಆರೇಳು ಅಡಿ ಅಗಲದ ಓಣಿ.

ದಾರಿ ಮುಚ್ಚಿದರೆ ನಷ್ಟ ಮೀನುಗಾರರಿಗೆ ಮಾತ್ರ ಅಲ್ಲ. ಬೀಚಿಗೆ ಜನ ಬರುವ ಕಡೆ ಚಹಾದಂಗಡಿ, ಕಲ್ಲುಮ್ಮಕ್ಕಾಯಿ ಹುರಿಯುವವರು, ರಿಕ್ಷಾದವರು, ಐಸ್‌ಕ್ಯಾಂಡಿಯವರು ಬದುಕುತ್ತಾರೆ. ಗೇಟಿನೊಳಗಿನ ಬೀಚಿನಲ್ಲಿ ಆ ವ್ಯಾಪಾರ ಎಲ್ಲ ಒಂದೇ ಕೌಂಟರಿಗೆ ಹೋಗುತ್ತದೆ.

ಜಾಗ ತೆಗೆದುಕೊಳ್ಳುವವರಿಗೂ ಲೆಕ್ಕ ಉಂಟು. ಕೊಚ್ಚಿಯ ಮರಡಿನಲ್ಲಿ ಸಿಆರ್‌ಝಡ್ ಉಲ್ಲಂಘಿಸಿ ಕಟ್ಟಿದ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಉರುಳಿಸಿದ್ದನ್ನು ಟಿವಿಯಲ್ಲಿ ನೋಡದವರು ಕಡಿಮೆ. ಫ್ಲ್ಯಾಟ್ ತೆಗೆದುಕೊಂಡವರಿಗೆ ಮೊದಲಿಗೆ ಸಿಕ್ಕಿದ್ದು 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ. ಪಂಚಾಯತ್ ಪರ್ಮಿಟ್ ಉಂಟು ಎಂಬುದು ಅಲ್ಲಿ ರಕ್ಷಣೆ ಆಗಲಿಲ್ಲ. ದಲ್ಲಾಳಿ ಹೇಳಿದ್ದನ್ನು ನಂಬಿ ಹತ್ತು ವರ್ಷದ ದುಡಿಮೆಯನ್ನು ಕಡಲ ಬದಿಗೆ ಸುರಿಯುವ ಮೊದಲು ಆ ಜಾಗ ಕರಾವಳಿ ನಕ್ಷೆಯಲ್ಲಿ ಯಾವ ವಲಯದಲ್ಲಿದೆ, ಅದರ ಮೂಲಕ ಊರವರ ದಾರಿ ಹೋಗುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಮಾಡಬೇಕಾದದ್ದು

ಕೆಲಸ ಶುರುವಾಗಬೇಕಾದದ್ದು ವಿಲೇಜ್ ಆಫೀಸಿನಿಂದ. ಸರ್ವೆ ಸ್ಕೆಚ್ ತೆಗೆಸಿ, ಊರವರು ನಡೆಯುವ ಪ್ರತಿಯೊಂದು ಓಣಿ ಪೊರಂಬೋಕೋ, ಪಟ್ಟಾ ಜಾಗವೋ ಎಂದು ಗುರುತು ಮಾಡಬೇಕು. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಯಾವ ದಾರಿ ಸೇರಿದೆ, ಯಾವುದು ಸೇರಿಲ್ಲ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಸೇರದ ದಾರಿಗಳ ಬಗ್ಗೆ ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿಸಬೇಕು. ಹಳೆಯ ಫೋಟೋ, ಹಿರಿಯರ ಹೇಳಿಕೆ ಈಗಲೇ ಸಂಗ್ರಹಿಸಿ ಇಡಬೇಕು, ಯಾಕೆಂದರೆ 40 ವರ್ಷದ ಹಿಂದಿನ ದಾರಿ ಕಂಡವರು ಒಬ್ಬೊಬ್ಬರೇ ಇಲ್ಲವಾಗುತ್ತಿದ್ದಾರೆ.

ಸಿಆರ್‌ಝಡ್ ಉಲ್ಲಂಘನೆ ಇದ್ದರೆ ದೂರು ಕೊಡಲು ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಅವಕಾಶ ಉಂಟು. ಆ ಸಮಿತಿಯಲ್ಲಿ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಮೂವರಾದರೂ ಇರಬೇಕು ಎಂದು ಅಧಿಸೂಚನೆಯಲ್ಲೇ ಇದೆ. ಕಾಸರಗೋಡಿನಲ್ಲಿ ಆ ಮೂವರು ಯಾರು ಎಂದು ಕೇಳುವುದೇ ಒಳ್ಳೆಯ ಶುರು. ಚೆನ್ನೈಯ ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ವಿವಾದ ಹುಟ್ಟಿದ ಆರು ತಿಂಗಳ ಒಳಗೆ ಹೋಗಬೇಕು. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು.

ಜಾಗದವರಿಗೂ ದಾರಿ ಉಂಟು. ಪಾಗಾರ ಹಾಕಬೇಕಾದರೆ ಓಣಿಯನ್ನು ಹೊರಗೆ ಬಿಟ್ಟು ಹಾಕಬಹುದು. ದಾರಿ ಅಂಗಳದ ನಡುವೆ ಹೋಗುತ್ತಿದ್ದರೆ, ಊರವರ ಜೊತೆ ಕೂತು, ಗಡಿ ಬದಿಗೆ ಸರಿಸಿ, ಅದನ್ನು ಪಂಚಾಯತಿಗೆ ಬರೆದುಕೊಡಬಹುದು. ರಾತ್ರಿ ಹೊತ್ತಿನ ವಾಹನ, ಕಸ, ಗಲಾಟೆಗೆ ಪಂಚಾಯತ್ ನಿಯಮ ಮಾಡಲಿ, ಬೀದಿ ದೀಪ ಹಾಕಲಿ. ಆದರೆ ಗಲಾಟೆ ಮಾಡುವ ನಾಲ್ಕು ಜನರಿಗಾಗಿ ಬಲೆ ಹೊರುವ ನೂರು ಜನರ ದಾರಿ ಮುಚ್ಚುವುದು ಸರಿಯಾದ ಪರಿಹಾರ ಅಲ್ಲ.

ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದೂ ಈಮಾನಿನ ಒಂದು ಭಾಗ ಎಂದು ಮದ್ರಸದಲ್ಲಿ ಕಲಿತ ಮಕ್ಕಳಿಗೂ ಗೊತ್ತು. ಆ ಮಾತು ಜಮಾಅತ್ ಕಮಿಟಿಯವರ ಎದುರು, ಜಾಗ ತೆಗೆದುಕೊಂಡವರ ಎದುರು, ನಡೆಯುವವರ ಎದುರು ಒಮ್ಮೆ ಇಟ್ಟರೆ ಕೋರ್ಟಿಗೆ ಹೋಗುವ ಮೊದಲೇ ಕೆಲವು ಗೇಟುಗಳು ತೆರೆಯಬಹುದು. ತೆರೆಯದ ಗೇಟಿಗೆ ಕಾನೂನು ಇದ್ದೇ ಇದೆ. ಆದರೆ ಆ ಕಾನೂನಿಗೆ ಎರಡು ವರ್ಷದ ಗಡುವು ಉಂಟು, ಗೇಟಿಗೆ ಬೀಗ ಬಿದ್ದ ದಿನಾಂಕ ಯಾರಾದರೂ ಬರೆದಿಟ್ಟುಕೊಳ್ಳಲಿ.